ವಿಭೂತಿಯ ಕೆಳಗೆ

ಗಂಗಾವತಿ
9 ಜೂನ್ 2024, ಭಾನುವಾರ

ಅವ್ವಾ,

ಈ ಕಾಲದಲ್ಲಿ ಕಾಗದ ಬರೆದುಕೊಳ್ಳುವ ತಾಯಿ-ಮಗಳು ಈ ಸೀಮೆಯಲ್ಲಿ ನಾವಿಬ್ಬರೇ ಇರಬೇಕು. ನಿನ್ನ ಫೋನಿನ ಕ್ಯಾಮೆರಾ ಕೆಟ್ಟು ಎರಡು ತಿಂಗಳಾಯಿತು. ರಿಪೇರಿಗೆ ಕೊಡು ಎಂದರೆ ಇವತ್ತು ನಾಳೆ ಅನ್ನುತ್ತೀ. ಹೋಗಲಿ, ಬರೀ ಮಾತಾಡೋಣ ಎಂದರೆ ಇಲ್ಲಿ ನನ್ನ ಫೋನು ರಿಂಗಾದ ಕೂಡಲೇ ಅತ್ತೆ ಅಡುಗೆಮನೆಯಿಂದ, ನಾದಿನಿ ದೀಪಿಕಾ ಪಡಸಾಲೆಯಿಂದ ಬಂದು ನನ್ನ ಎಡಬಲಕ್ಕೆ ಕೂಡುತ್ತಾರೆ. ಪ್ರೀತಿಯಿಂದಲೇ ಬರುತ್ತಾರೆ, ಸುಳ್ಳು ಹೇಳಬಾರದು. ಆದರೆ ನಿನ್ನ ಕೂಡ ಜಗಳ ಮಾಡಬೇಕು ಅನಿಸಿದಾಗ ಅವರ ಮುಂದೆ ಹೇಗೆ ಮಾಡಲಿ?

ಅದಕ್ಕೇ ಅಪ್ಪನ ಕೈಯಲ್ಲಿ ಇದನ್ನು ಕೊಡುತ್ತಿದ್ದೇನೆ. ನೀನು ಕಳಿಸಿದ ರೊಟ್ಟಿ ಗಂಟಿನ ಅರಿವೆಯಲ್ಲೇ ಸುತ್ತಿದ್ದೇನೆ. ಮೊನ್ನೆ ಆ ಗಂಟು ಕೊಡಲು ಬಂದಾಗ ಅಪ್ಪ ಟಿಕೆಟ್ ಮಷಿನ್ ಕೊರಳಿಗೆ ಹಾಕಿಕೊಂಡೇ ಬಸ್‌ಸ್ಟ್ಯಾಂಡಿನಲ್ಲಿ ನನ್ನ ತಲೆ ಸವರಿದ. "ನಿಮ್ಮವ್ವ ಈಗ ದೊಡ್ಡ ಶರಣಿ ಆಗ್ಯಾಳವಾ. ಹಣಿ ತುಂಬ ವಿಭೂತಿ. ನನಗ ಚಾ ಕೊಡುವಾಗೂ ಆಶೀರ್ವಾದ ಮಾಡಿದಂಗ ಕೊಡತಾಳ" ಎಂದು ನಕ್ಕ. ನಾನೂ ನಕ್ಕೆ. ಬಸ್ಸು ಹೋದ ಮೇಲೆ ನನಗೆ ನಗು ಉಳಿಯಲಿಲ್ಲ.

ಈಗ ಜಗಳ. ನನಗೆ ಐದು ತಿಂಗಳು. ಏಳಕ್ಕೆ ಕುಬಸ ಮಾಡಿ ಮಡಿಲು ತುಂಬಿ ನನ್ನನ್ನು ತಾವರಗೇರಾಕ್ಕೆ ಕರೆದುಕೊಂಡು ಹೋಗುವವರು ನೀವು. ಚೊಚ್ಚಲ ಬಾಣಂತನ ತವರಲ್ಲಿ ಎಂದು ಇಲ್ಲಿ ಎಲ್ಲರಿಗೂ ಗೊತ್ತು. ನೀನು ಮಾತ್ರ ಆ ಮಾತೇ ಎತ್ತುವುದಿಲ್ಲ. ಅತ್ತೆ ಎರಡು ಸಲ ಕೇಳಿದರು, "ನಿಮ್ಮವ್ವ ಏನಂತಾಳ?" ಎಂದು. ಕೇಳತೇನ್ರಿ ಅಂದೆ. ಈಗ ಕೇಳುತ್ತಿದ್ದೇನೆ. ಯಾವಾಗ ಬರುತ್ತೀ?

ನಿನ್ನ ಮಾರಿ ನೋಡದೆ ಬೇಸರವಾಗಿದೆ. ಆದರೂ ಸದ್ಯ ವಿಡಿಯೊ ಇಲ್ಲದ್ದೇ ನನಗೂ ಒಳ್ಳೆಯದಾಯಿತು ಬಿಡು, ಅದು ಬೇರೆ ವಿಷಯ.

ನಿನ್ನ ಮಗಳು,
ದಾನೇಶ್ವರಿ


ತಾವರಗೇರಾ
16 ಜೂನ್ 2024

ನನ್ನ ದಾನಮ್ಮಗೆ,

ನಿನ್ನ ಕಾಗದ ಬಂತು. ನಿಮ್ಮಪ್ಪ ಅದನ್ನು ಕೊಡುವ ಮುಂಚೆ "ಏನು ಬರದಾಳ, ನನಗೂ ಒಂದೀಟು ಓದು" ಎಂದು ಬಾಗಿಲಲ್ಲೇ ನಿಂತಿದ್ದರು. ಹೆಂಗಸರ ವಿಷಯ ಎಂದೆ. ಆ ಮಾತು ಕೇಳಿದರೆ ಅವರು ದೂರ ಸರಿಯುತ್ತಾರೆಂದು ನಿನಗೆ ಗೊತ್ತಲ್ಲ.

ರೊಟ್ಟಿ ಹದಿನೈದು ಇವೆ, ಐದು ಸಜ್ಜೆಯವು. ಪುಂಡಿಪಲ್ಯ ನಿನಗೆ ಮಾತ್ರ, ಆದರೆ ದೀಪಿಕಾಗೂ ಸ್ವಲ್ಪ ಕೊಡು. ಅಂಗನವಾಡಿಯಲ್ಲಿ ಈ ತಿಂಗಳು ತೂಕ ಹಾಕುವ ಕೆಲಸ. ಮೂವತ್ತೆರಡು ಮಕ್ಕಳು, ಒಂದಾದರೂ ತಕ್ಕಡಿಯಲ್ಲಿ ಸುಮ್ಮನೆ ಕೂತರೆ ಕೇಳು.

ಕುಬಸದ ವಿಷಯ. ನಿಮ್ಮತ್ತೆ ದೊಡ್ಡ ಮನಸ್ಸಿನವರು. ಅಲ್ಲೇ ಮಾಡಿಬಿಡಲಿ, ಸೀರೆ ಮತ್ತು ಉಡಿಯ ಸಾಮಾನು ನಿಮ್ಮಪ್ಪನ ಕೈಯಲ್ಲಿ ಕಳಿಸುತ್ತೇನೆ. ಬಾಣಂತನವೂ ಅಲ್ಲೇ ಆದರೆ ಆಸ್ಪತ್ರೆ ಹತ್ತಿರ. ಇಲ್ಲಿ ಮಾಳಿಗೆ ಸೋರುತ್ತಿದೆ, ಮಣ್ಣು ಹಾಕಿಸಬೇಕು, ಆಳು ಸಿಗುವುದಿಲ್ಲ. ಹಸಿ ಬಾಣಂತಿಯನ್ನು ಸೋರುವ ಮನೆಯಲ್ಲಿ ಹೇಗೆ ಇಡಲಿ? ತವರೆಂದರೆ ಬರೀ ಮನೆಯಲ್ಲ, ಮನಸ್ಸು ಕೂಡ. ಅದು ಯಾವಾಗಲೂ ನಿನ್ನ ಹತ್ತಿರವೇ ಇದೆ.

ಸಿಟ್ಟಾಗಬೇಡ. ಮಾತ್ರೆ ತಪ್ಪಿಸಬೇಡ.

ನಿನ್ನವ್ವ,
ಕಳಕಮ್ಮ


ತಾವರಗೇರಾ
16 ಜೂನ್ 2024

ದಾನೀ,

ಇದು ಕಳಿಸುವ ಕಾಗದವಲ್ಲ. ಈಗಷ್ಟೇ ಬರೆದದ್ದನ್ನು ರೊಟ್ಟಿ ಗಂಟಿನಲ್ಲಿ ಇಟ್ಟು ಬಂದೆ. ಅದರಲ್ಲಿ ಎಲ್ಲಾ ಸುಳ್ಳೇ ಬರೆದಿದ್ದೇನೆ ಅನ್ನಿಸಿ ಇದನ್ನು ಬರೆಯಲು ಕೂತೆ. ಮಾಳಿಗೆ ಸೋರುವುದಿಲ್ಲ. ಫೋನಿನ ಕ್ಯಾಮೆರಾ ಕೆಟ್ಟಿಲ್ಲ.

ಹೋಳಿ ಹುಣ್ಣಿಮೆ ಆಸುಪಾಸಿಗೆ, ಹಣೆಯ ಟಿಕಳಿ ತೆಗೆದು ಕನ್ನಡಿಗೆ ಅಂಟಿಸುವಾಗ ಅದರ ಜಾಗದಲ್ಲಿ ಅಕ್ಕಿ ಕಾಳಿನಷ್ಟು ಬಿಳಿ ಕಂಡಿತು. ಸುಣ್ಣವೋ ಏನೋ ಎಂದು ಒರೆಸಿದೆ. ಹೋಗಲಿಲ್ಲ. ಮರುದಿನ ಒಂದು ಸೈಜು ದೊಡ್ಡ ಟಿಕಳಿ ತಂದು ಮುಚ್ಚಿದೆ. ಬಿಳಿ ಹಬ್ಬಿತು. ಮತ್ತೂ ದೊಡ್ಡದು ತಂದೆ. ಈಗ ಅಂಗಡಿಯಲ್ಲಿ ಸಿಗುವ ಎಲ್ಲಕ್ಕಿಂತ ದೊಡ್ಡದನ್ನು ಹಚ್ಚಿದರೂ ಅಂಚು ಕಾಣುತ್ತದೆ. ಅದಕ್ಕೇ ಸುತ್ತಲೂ ವಿಭೂತಿ ಬಳಿದುಕೊಳ್ಳುತ್ತೇನೆ. ನಿಮ್ಮಪ್ಪ ಶರಣಿ ಎಂದು ಚೇಷ್ಟೆ ಮಾಡುತ್ತಾರೆ. ದೇವರ ಹೆಸರಲ್ಲಿ ಕಳ್ಳತನ ಮಾಡುತ್ತಿದ್ದೇನೆ.

ಹತ್ತೊಂಬತ್ತು ವರ್ಷದಿಂದ ಮಕ್ಕಳ ಮುಖ ನೋಡಿ ಹೇಳುವವಳು ನಾನು. ಇದು ಸಿಬ್ಬ, ಇದು ಹುಳಕಡ್ಡಿ, ಈ ಹುಡುಗಿಯ ಕೆನ್ನೆ ಬೆಳ್ಳಗಾಗಿದೆ, ಹೊಟ್ಟೆಯಲ್ಲಿ ಜಂತು ಇರಬೇಕು ಎಂದು. ನನ್ನ ಹಣೆಯದು ಏನು ಎಂದು ನನಗೆ ಗೊತ್ತಿಲ್ಲ. ಸಿಬ್ಬವಾದರೆ ಹೊಟ್ಟಿನಂತೆ ಉದುರುತ್ತದೆ, ಇದು ನುಣ್ಣಗಿದೆ. ತೊನ್ನು ಇರಬಹುದು. ಅದಕ್ಕಿಂತ ಕೆಟ್ಟದ್ದೂ ಇರಬಹುದು. ನಮ್ಮ ಕೇಂದ್ರದ ಗೋಡೆಯಲ್ಲೇ ಕುಷ್ಠದ ಚಿತ್ರ ಅಂಟಿಸಿದೆ: ಮಚ್ಚೆ ಬಿಳುಪಾಗಿದ್ದು ಮುಟ್ಟಿದರೆ ಗೊತ್ತಾಗದಿದ್ದರೆ ಕೂಡಲೇ ತೋರಿಸಿರಿ ಎಂದು. ನಾನೇ ಎಷ್ಟೋ ಜನಕ್ಕೆ ಓದಿ ಹೇಳಿದ್ದೇನೆ. ನನ್ನ ಹಣೆಯನ್ನು ಮುಟ್ಟಿ ನೋಡಿಕೊಂಡೆ. ಒಮ್ಮೆ ಗೊತ್ತಾಯಿತು ಅನಿಸಿತು. ಆಮೇಲೆ, ಗೊತ್ತಾಗಿದ್ದು ಹಣೆಗೋ ಬೆರಳಿಗೋ ಎಂದು ತಿಳಿಯಲಿಲ್ಲ. ಮತ್ತೆ ಮುಟ್ಟಲು ಧೈರ್ಯ ಬರಲಿಲ್ಲ.

ಅಂಗನವಾಡಿಯ ಮಕ್ಕಳನ್ನು ಎತ್ತಿಕೊಳ್ಳುವುದು ಬಿಟ್ಟಿದ್ದೇನೆ. ಹಾಗಿರುವಾಗ ನಿನ್ನನ್ನು ಕರೆತಂದು, ಹಸಿಗೂಸಿಗೆ ಎಣ್ಣೆ ಹಚ್ಚಿ, ಕಾಲ ಮೇಲೆ ಹಾಕಿಕೊಂಡು ಎರೆಯುವವರು ಯಾರು? ಈ ಕೈಯಿಂದಲೇ? ಬೀಗರಿಗೆ ಗೊತ್ತಾದರೆ ಇಂಥ ಮನೆಯ ಹೆಣ್ಣು ತಂದೆವು ಎನ್ನುತ್ತಾರೆ. ಮತ್ತೆ ನೀನು. ನೀನು ಹೇಸಿಕೊಂಡು ಮಗುವನ್ನು ಹಿಂದಕ್ಕೆ ಎಳೆದುಕೊಂಡರೆ, ಅದನ್ನು ನಾನು ನೋಡಲಾರೆ ದಾನೀ. ಅದಕ್ಕಿಂತ ನೀನು ಸಿಟ್ಟಿನಲ್ಲಿ ದೂರ ಇರುವುದೇ ಮೇಲು.

ಇದನ್ನು ಜೋಳದ ಡಬ್ಬಿಯಲ್ಲಿ ಇಡುತ್ತೇನೆ.

ಅವ್ವ


ಗಂಗಾವತಿ
7 ಜುಲೈ 2024, ಭಾನುವಾರ

ಅವ್ವಾ,

ಮೂರು ವಾರ ಬರೆಯಲಿಲ್ಲ. ಬೇಕಂತಲೇ ಬರೆಯಲಿಲ್ಲ.

ತವರೆಂದರೆ ಮನಸ್ಸು ಎಂದು ಬರೆದಿದ್ದೀಯಲ್ಲ, ಮನಸ್ಸಿನಲ್ಲಿ ಬಾಣಂತನ ಮಾಡಿಸಿಕೊಳ್ಳಲು ಬರುತ್ತದೆಯೇ? ಮಾಳಿಗೆ ಸೋರುತ್ತದೆಯೇ ಎಂದು ಅಪ್ಪನನ್ನು ಕೇಳಿದೆ. "ಯಾವ ಮಾಳಿಗಿ?" ಎಂದು ನನ್ನನ್ನೇ ತಿರುಗಿ ಕೇಳಿದ. ಆಮೇಲೆ ಏನೋ ನೆನಪಾದವನಂತೆ "ಹೌದ್ಹೌದು, ಒಂದ ಕಡೆ ಸ್ವಲ್ಪ" ಎಂದ. ಅಪ್ಪನಿಗೆ ಸುಳ್ಳು ಹೇಳಲು ಬರುವುದಿಲ್ಲ, ನಿನಗೂ ಬರುವುದಿಲ್ಲ.

ಅತ್ತೆ ಒಳ್ಳೆಯ ಮಾತಿನಲ್ಲೇ ಹೇಳಿದರು, "ತವರಿನವ್ರಿಗೆ ಆಗಲಿಲ್ಲಂದ್ರ ನಾವ ಮಾಡತೇವಿ ಬಿಡವಾ, ಅದಕ್ಯಾಕ ಅಳತಿ." ಆ ಒಳ್ಳೆಯ ಮಾತೇ ನನ್ನನ್ನು ಇರಿಯುತ್ತದೆ. ನಾನು ಭಾರವಾದರೆ ಭಾರ ಎಂದು ನೆಟ್ಟಗೆ ಹೇಳು. ನಾನು ಏನು ತಪ್ಪು ಮಾಡಿದೆ?

ಇನ್ನೊಂದು ವಿಷಯ. ನೀನು ತಾಯಿಯಾಗಿ ಕೇಳದಿದ್ದರೂ ಅಂಗನವಾಡಿ ಟೀಚರಾಗಿ ಕೇಳು. ನನ್ನ ಮಾರಿ ಹಾಳಾಗಿದೆ. ಎರಡೂ ಕೆನ್ನೆಯ ಮೇಲೆ, ಮೇಲ್ತುಟಿಯ ಮೇಲೆ ಕಂದು ಬಣ್ಣ ಚೆಲ್ಲಿದಂತೆ ಆಗಿದೆ. ಮೀಸೆ ಬಂದವಳ ಹಾಗೆ ಕಾಣುತ್ತೇನೆ. ಅದಕ್ಕೇ ನಾನೂ ವಿಡಿಯೊ ಕಾಲಿಗೆ ಜುಲುಮೆ ಮಾಡಲಿಲ್ಲ, ನೀನು ನೋಡಿ ಮರುಗುತ್ತೀ ಎಂದು. ದೀಪಿಕಾ ತನ್ನ ಮೊಡವೆಗೆ ಮೆಡಿಕಲ್ ಶಾಪಿನಲ್ಲಿ ಕೇಳಿ ತಂದಿದ್ದ ಒಂದು ಟ್ಯೂಬು ಕೊಟ್ಟಳು. ಮೊದಲ ವಾರ ಮಾರಿ ಬೆಳಗಿತು, ಮನೆಯಲ್ಲಿ ಎಲ್ಲರೂ ಹೊಗಳಿದರು. ಈಗ ಬಿಸಿಲಿಗೆ ಹೋದರೆ ಉರಿಯುತ್ತದೆ, ಕೆಂಪಾಗುತ್ತದೆ. ಬಿಟ್ಟರೆ ಇನ್ನೂ ಕಪ್ಪಾಗುತ್ತದೆ ಎಂದು ಹೆದರಿ ದಿನಾ ಹಚ್ಚುತ್ತೇನೆ. ಟ್ಯೂಬಿನ ಮೇಲಿನ ಹೆಸರನ್ನು ಹಿಂದಿನ ಪುಟದಲ್ಲಿ ಬರೆದಿದ್ದೇನೆ. ಇದು ಸರಿಯೋ ತಪ್ಪೋ ಹೇಳು.

ದಾನೇಶ್ವರಿ


ತಾವರಗೇರಾ
8 ಜುಲೈ 2024, ಸೋಮವಾರ

ದಾನೀ,

ಆ ಟ್ಯೂಬು ಬಿಡು. ಈ ಕಾಗದ ಓದುವುದು ಆಮೇಲೆ, ಮೊದಲು ಅದನ್ನು ತೆಗೆದು ದೂರ ಇಡು. ಎಸೆಯಬೇಡ, ಡಾಕ್ಟರಿಗೆ ತೋರಿಸಬೇಕು. ನೀನು ಬರೆದ ಹೆಸರನ್ನು ನಮ್ಮ ಓಣಿಯ ಆಶಾ ಕಾರ್ಯಕರ್ತೆ ರಾಜಾಬೀಗೆ ತೋರಿಸಿದೆ. ಅವಳು ಆಸ್ಪತ್ರೆಯ ನರ್ಸಮ್ಮನಿಗೆ ಫೋನು ಹಚ್ಚಿದಳು. ಅವರು ಅಂದದ್ದು ನನಗೂ ಕೇಳಿಸಿತು: "ಅದರಾಗ ಮೂರ್ನಾಕು ಔಷಧ ಕೂಡ್ಸಿರ್ತಾರ. ಬಸರಿ ಹೆಣ್ಮಕ್ಳು ಹಚ್ಚೂ ಹಂಗಿಲ್ಲ. ಇವತ್ತ ಬಿಡಸ್ರಿ."

ನಿನ್ನನ್ನು ಡಾಕ್ಟರ ಹತ್ತಿರ ಹೋಗು, ಮಾರಿ ತೋರಿಸು ಎಂದು ಹೇಳಲು ಕೂತೆ. ಹೇಳಲು ನನಗೆ ಬಾಯಿ ಇಲ್ಲ ಎಂದು ಗೊತ್ತಾಯಿತು. ನನ್ನದನ್ನೇ ನಾನು ನಾಲ್ಕು ತಿಂಗಳಿಂದ ಮುಚ್ಚಿಟ್ಟುಕೊಂಡು ಕೂತಿದ್ದೇನೆ. ಇದರ ಜೊತೆ ಇನ್ನೊಂದು ಹಾಳೆ ಇದೆ, ಜೂನ್ ಹದಿನಾರರದು. ಜೋಳದ ಡಬ್ಬಿಯಿಂದ ತೆಗೆದು ಹಾಗೆಯೇ ಇಟ್ಟಿದ್ದೇನೆ, ಒಂದಕ್ಷರ ತಿದ್ದಿಲ್ಲ. ಓದಿ ಏನು ಬೇಕಾದರೂ ಬಯ್ಯಿ. ಆದರೆ ನೀನು ಭಾರ ಎಂದು ಮಾತ್ರ ಇನ್ನೊಮ್ಮೆ ಬರೆಯಬೇಡ. ಆ ಸಾಲು ಓದಿ ಒಲೆಯ ಮೇಲಿನ ರೊಟ್ಟಿ ಕರಕಾಗುವವರೆಗೂ ನಿಂತಲ್ಲೇ ನಿಂತಿದ್ದೆ.

ಒಂದು ಒಪ್ಪಂದ ಮಾಡಿಕೊಳ್ಳೋಣ. ಬರುವ ಗುರುವಾರ ನಾನು ಕೊಪ್ಪಳದ ದೊಡ್ಡ ಆಸ್ಪತ್ರೆಗೆ ಹೋಗುತ್ತೇನೆ, ಚರ್ಮದ ಡಾಕ್ಟರಿಗೆ ತೋರಿಸುತ್ತೇನೆ. ಅದೇ ದಿನ ನೀನು ಗಂಗಾವತಿಯಲ್ಲಿ ತೋರಿಸು. ನೀನು ಹೋಗುತ್ತೀ ಎಂದರೆ ನನಗೆ ಹೋಗುವ ಧೈರ್ಯ ಬರುತ್ತದೆ. ಅಳಿಯ ಶರಣಕುಮಾರರನ್ನು ಜೊತೆಗೆ ಕರೆದುಕೊಂಡು ಹೋಗು. ಅವರಿಗೆ ನನ್ನ ವಿಷಯವನ್ನೂ ಹೇಳು, ಮುಚ್ಚಬೇಡ.

ಅವ್ವ


ತಾವರಗೇರಾ
12 ಜುಲೈ 2024, ಶುಕ್ರವಾರ

ದಾನಮ್ಮಾ,

ಹೋಗಿ ಬಂದೆ. ನೀನೂ ಹೋಗಿರುತ್ತೀ ಎಂದು ನಂಬಿ ಬರೆಯುತ್ತಿದ್ದೇನೆ. ಎಲ್ಲ ಹೇಳುತ್ತೇನೆ, ಅರ್ಧಕ್ಕೆ ಬಿಟ್ಟು ಕೊನೆ ಓದಬೇಡ.

ರಾಜಾಬೀ ಜೊತೆಗೆ ಬಂದಳು. ಬರಬೇಡ ಅಂದೆ. "ನೀ ಕುಷ್ಟಗಿ ದಾಟಿದ ಮ್ಯಾಲ ಇಳದು ವಾಪಸ್ ಬರಾಕಿ, ನನಗ ಗೊತ್ತೈತಿ" ಎಂದು ನನ್ನ ಪಕ್ಕದಲ್ಲೇ ಕೂತಳು. ಆಸ್ಪತ್ರೆಯಲ್ಲಿ ಚೀಟಿ ಮಾಡಿಸಿ ಬೆಂಚಿನ ಮೇಲೆ ಕಾದೆವು. ಅಲ್ಲಿ ಕೂತವರೆಲ್ಲ ಒಬ್ಬರ ರೋಗವನ್ನು ಒಬ್ಬರು ಹೇಳುತ್ತಿದ್ದರು. ತಮ್ಮದೂ ಮೂಗು ಕೆಂಪಾಗಿದ್ದ ಯಲಬುರ್ಗಾ ಕಡೆಯ ಹನುಮಣ್ಣ ಎಂಬ ಹಿರಿಯರು ಮೂಗು ಕೆನ್ನೆ ಕೆಂಪಾದ ಒಬ್ಬ ಹೆಂಗಸಿಗೆ "ಇದು ಬಿಸಲಿಂದವಾ, ಮಜ್ಜಗಿ ಹಚ್ಚು" ಎಂದರು. ಅವಳಿಗೆ ಕೀಲು ನೋವೂ ಇತ್ತಂತೆ. ಒಳಗೆ ಹೋಗಿ ಬಂದ ಮೇಲೆ ರಕ್ತ ಪರೀಕ್ಷೆಯ ಉದ್ದನೆಯ ಚೀಟಿ ಹಿಡಿದಿದ್ದಳು, ಬಿಸಿಲಿನದೇ ಎಂದು ಡಾಕ್ಟರು ಒಪ್ಪಲಿಲ್ಲವಂತೆ. ಹನುಮಣ್ಣನವರ ಮೂಗಿನ ಕೆಂಪು ಬೇರೆಯೇ ರೋಗದ್ದಂತೆ, ಅವರಿಗೆ ಖಾರ ಮತ್ತು ಬಿಸಿ ಚಹಾ ಕಡಿಮೆ ಮಾಡಿ ಎಂದರಂತೆ. ಹೊರಗಿನಿಂದ ನೋಡಿದರೆ ಇಬ್ಬರದೂ ಒಂದೇ ಕೆಂಪು. ನನ್ನ ಲೆಕ್ಕ ಹಾಕಿದೆ: ಹತ್ತೊಂಬತ್ತು ವರ್ಷ ಮಕ್ಕಳ ಮುಖ ನೋಡಿ ಥಟ್ಟನೆ ಹೇಳಿದ್ದರಲ್ಲಿ ಎಷ್ಟು ಸರಿ, ಎಷ್ಟು ತಪ್ಪು?

ಡಾಕ್ಟರು ಅಮೃತಾ ಎಂದು, ನಿನಗಿಂತ ಐದಾರು ವರ್ಷ ದೊಡ್ಡವರಿರಬೇಕು. ನಾನು ಒಳಗೆ ಹೋದ ಕೂಡಲೇ ನೋಡಿ, "ವಿಭೂತಿ, ಟಿಕಳಿ ಎಲ್ಲಾ ತೊಳಕೊಂಡು ಬರ್ರಿ ಅಮ್ಮಾರ, ಅಲ್ಲಿ ನಳ ಐತಿ" ಎಂದರು. ನಳದ ಮುಂದೆ ನಿಂತೆ. ನೀರು ಬಿಟ್ಟೆ, ಬಂದ್ ಮಾಡಿದೆ. ನಾಲ್ಕು ತಿಂಗಳಲ್ಲಿ ನನ್ನನ್ನು ಬಿಟ್ಟು ಯಾರೂ ಆ ಜಾಗ ನೋಡಿರಲಿಲ್ಲ. ರಾಜಾಬೀ ಬಂದು ತನ್ನ ಸೆರಗನ್ನೇ ಒದ್ದೆ ಮಾಡಿ ನನ್ನ ಹಣೆ ಒರೆಸಿದಳು. ಅವಳು ಹಿಂಜರಿಯಲಿಲ್ಲ. ನಾನು ಅತ್ತೆ.

ಒಳಗೆ ಕಣ್ಣು ಮುಚ್ಚಿಸಿದರು. ಹತ್ತಿಯ ಎಳೆ ತೆಗೆದುಕೊಂಡು, ಮುಟ್ಟಿದಾಗ "ಹೂಂ" ಅನ್ನಬೇಕು ಎಂದರು. ಕಣ್ಣು ಮುಚ್ಚಿದ ಮೇಲೆ ಬೆರಳಿನ ಗೊಂದಲ ಇರಲಿಲ್ಲ, ಬರೀ ಹಣೆ. ಹೂಂ, ಹೂಂ ಎನ್ನುತ್ತಾ ಹೋದೆ. ಒಮ್ಮೆ ಅವರು ಮುಟ್ಟದೆ ಸುಮ್ಮನೆ ಇದ್ದರು, ನಾನೂ ಸುಮ್ಮನಿದ್ದೆ. "ಸ್ಪರ್ಶ ಪೂರ್ತಿ ಐತಿ, ನರಾನೂ ದಪ್ಪ ಆಗಿಲ್ಲ. ಕುಷ್ಠ ಅಲ್ಲ ಇದು" ಎಂದರು. ಆಮೇಲೆ ದೀಪ ಆರಿಸಿ ಒಂದು ನೀಲಿ ಲೈಟು ಹಿಡಿದು ನೋಡಿದರು. ಕೆರೆದು ನೋಡಿದರು, ಹೊಟ್ಟು ಉದುರಲಿಲ್ಲ. ಸಿಬ್ಬವೂ ಅಲ್ಲ. ಕೈಬೆರಳ ತುದಿ, ತುಟಿ, ಮೊಣಕಾಲು, ಎಲ್ಲಾ ನೋಡಿದರು. ಬೇರೆಲ್ಲೂ ಬಿಳಿ ಇಲ್ಲ. ನಾನು ತೊನ್ನು ಎಂಬ ಮಾತಿಗೆ ಕಾದು ಕೂತಿದ್ದೆ. ಅವರು ಕೇಳಿದ್ದೇ ಬೇರೆ: "ಎಷ್ಟ ವರ್ಷಾತ್ರಿ ಈ ಟಿಕಳಿ ಹಚ್ಚಾಕ ಹತ್ತಿ? ಒಂದ ಜಾಗದಾಗ?"

ಮದುವೆಯಾದಾಗಿನಿಂದ ಎಂದೆ. ಚೀಲದಲ್ಲಿದ್ದ ಪಾಕೀಟು ತೆಗೆದು ಕೊಟ್ಟೆ. ಅವರು ಒಂದು ದೊಡ್ಡ ಟಿಕಳಿ ತೆಗೆದು ನನ್ನ ಹಣೆಯ ಬಿಳಿಯ ಮೇಲೆ ಇಟ್ಟು, ಕನ್ನಡಿ ಕೊಟ್ಟರು. ದಾನೀ, ಸುತ್ತಲೂ ಕೂದಲೆಳೆಯಷ್ಟೇ ಬಿಳಿ ಬಿಟ್ಟು ಅದೇ ಗುಂಡಗೆ ಕೂತಿತ್ತು. "ರೋಗ ಇಷ್ಟ ಚಂದ ಗುಂಡಗ ಬರೂದಿಲ್ಲರಿ" ಎಂದು ನಕ್ಕರು. ಟಿಕಳಿಯ ಹಿಂದಿನ ಅಂಟಿನಲ್ಲಿ ಏನೋ ರಸಾಯನ ಇರುತ್ತದಂತೆ, ಕೆಲವರ ಚರ್ಮದ ಬಣ್ಣವನ್ನು ಅದು ತಿನ್ನುತ್ತದಂತೆ. ನೋಡಲು ತೊನ್ನಿನ ಹಾಗೆಯೇ ಇರುತ್ತದೆ, ಎಷ್ಟೋ ಸಲ ಡಾಕ್ಟರಿಗೂ ಬೇರೆ ಮಾಡುವುದು ಕಷ್ಟವಂತೆ. ಬಿಳಿ ಮುಚ್ಚಲು ನಾನು ದೊಡ್ಡ ಟಿಕಳಿ ಹಚ್ಚಿದೆ, ದೊಡ್ಡ ಟಿಕಳಿ ಹಚ್ಚಿದ್ದಕ್ಕೆ ಬಿಳಿ ದೊಡ್ಡದಾಯಿತು. ನಾಲ್ಕು ತಿಂಗಳು ನಾನು ಮಾಡಿದ ಕೆಲಸ ಇಷ್ಟು.

ಇನ್ನು ಟಿಕಳಿ ಹಚ್ಚುವ ಹಾಗಿಲ್ಲ. ಒಂದು ಮುಲಾಮು ಕೊಟ್ಟಿದ್ದಾರೆ. ಬಣ್ಣ ಬಂದರೆ ಬರಬಹುದು, ತಿಂಗಳುಗಟ್ಟಲೆ ಬೇಕು, ಪೂರ್ತಿ ಬರದೆಯೂ ಇರಬಹುದು ಎಂದರು. ಬೇರೆ ಕಡೆ ಬಿಳಿ ಕಂಡರೆ ಮತ್ತೆ ಬರಬೇಕು. ನಾನು ಸಂತೋಷಕ್ಕೆ "ಹಂಗಾರ ಮಗಳನ್ನ ಬಾಣಂತನಕ್ಕ ಕರಕೊಂಡು ಬರಬೌದಲ್ರಿ, ಕೂಸಿನ್ನ ಮುಟ್ಟಬೌದಲ್ರಿ" ಎಂದೆ. ಅವರ ನಗು ನಿಂತಿತು. "ಯಾಕ್ರಿ, ತೊನ್ನ ಆಗಿದ್ರ ಕರೀತಿರಲಿಲ್ಲೇನು? ತೊನ್ನು ಅಂಟೂದಿಲ್ಲ. ಕುಷ್ಠ ಆಗಿದ್ರೂ ಗುಳಿಗಿ ಅದಾವ, ವಾಸಿ ಆಕ್ಕೈತಿ. ಅಂಗನವಾಡಿಯಾಗ ನೀವ ಹೇಳಬೇಕಾದ ಮಾತದು" ಎಂದರು.

ಅದಕ್ಕೆ ಉತ್ತರ ಕೊಪ್ಪಳದಿಂದ ತಾವರಗೇರಾದವರೆಗೂ ಹುಡುಕಿದೆ, ಸಿಗಲಿಲ್ಲ.

ಮನೆಗೆ ಬಂದು ನಿಮ್ಮಪ್ಪನ ಮುಂದೆ ಬರಿ ಹಣೆಯಲ್ಲಿ ನಿಂತೆ. ಅವರು ಊಟ ಮಾಡುತ್ತಿದ್ದರು. ತಲೆ ಎತ್ತಿ ನೋಡಿ, ಮತ್ತೆ ಒಂದು ತುತ್ತು ತಿಂದು, "ನನಗ ಗೊತ್ತಿತ್ತು" ಎಂದರು. ಹೇಗೆ ಎಂದೆ. "ದಿನಾ ಆ ಕನ್ನಡಿ ಮುಂದ ನಿಂತು ದಾಡಿ ಮಾಡ್ಕೋತೇನಿ. ನೀ ಅಂಟಿಸಿದ ಟಿಕಳಿ ಸಾಲಾಗಿ ಅದಾವ, ಒಂದಕ್ಕಿಂತ ಒಂದು ದೊಡ್ಡವು. ನೀನಾಗೇ ಹೇಳತಿ ಅಂತ ಕಾದೆ." ಮತ್ತೆ ಯಾಕೆ ಕೇಳಲಿಲ್ಲ ಎಂದು ನಾನು ಜಗಳಕ್ಕೆ ಬಿದ್ದೆ. ಅವರು ಇನ್ನೊಂದು ರೊಟ್ಟಿ ಹಾಕು ಎಂದರು.

ನೀನು ಹೋಗಿದ್ದೆಯಾ? ಏನೆಂದರು? ಕೂಡಲೇ ಬರೆ.

ಅವ್ವ


ಗಂಗಾವತಿ
14 ಜುಲೈ 2024, ಭಾನುವಾರ

ಅವ್ವಾ,

ಹೋಗಿದ್ದೆ. ಗುರುವಾರವೇ ಹೋಗಿದ್ದೆ. ಇವರು ಮಿಲ್ಲಿಗೆ ರಜೆ ಹಾಕಿ ಬಂದರು.

ನನ್ನದು ಬಂಗು. ಬಸುರಿಯಲ್ಲಿ ಬರುತ್ತದೆ, ಹೆರಿಗೆಯಾದ ಮೇಲೆ ಬಹಳ ಮಂದಿಗೆ ತಾನೇ ತಿಳಿಯಾಗುತ್ತದೆ ಎಂದರು. ಬಿಸಿಲಿಗೆ ಕೊಡೆ ಹಿಡಿಯಬೇಕು, ಬಸುರಿಯರಿಗೆ ಆಗುವಂಥ ಒಂದು ಬಿಸಿಲಿನ ಕ್ರೀಮು ಕೊಟ್ಟಿದ್ದಾರೆ, ಅಷ್ಟೇ. ಉರಿ, ಕೆಂಪು, ಅದೆಲ್ಲ ಬಂಗಿನದಲ್ಲ, ಟ್ಯೂಬಿನದು. ಮಗುವಿಗೆ ಏನಾದರೂ ಆಗಿರಬಹುದೇ ಎಂದು ಕೇಳಿದೆ. ಹಚ್ಚಿದ್ದು ಸ್ವಲ್ಪ ದಿನ, ಈಗ ಬಿಟ್ಟಿದ್ದೀ, ಹೆದರಬೇಡ, ಸ್ಕ್ಯಾನಿಂಗ್ ಚೆನ್ನಾಗಿದೆ ಎಂದರು. ಹೊರಗೆ ಬಂದು ಇವರ ಕೈ ಹಿಡಿದು ಬಹಳ ಹೊತ್ತು ಕೂತೆ. ದೀಪಿಕಾ ಮನೆಯಲ್ಲಿ ಅಳುತ್ತಿದ್ದಳು. ಅವಳನ್ನೂ ಶುಕ್ರವಾರ ತೋರಿಸಿದೆವು. ಮೊಡವೆ ಹೋಗಲೆಂದು ಅವಳು ಹಚ್ಚುತ್ತಿದ್ದ ಟ್ಯೂಬಿನಿಂದಲೇ ಹೊಸ ಮೊಡವೆ ಏಳುತ್ತಿದ್ದವಂತೆ. ನಿನ್ನ ಕಾಗದ ಓದಿ ಹೇಳಿದಾಗ ಅವಳು "ನಿಮ್ಮವ್ವಂದೂ ನಂದೂ ಒಂದ ಕಥಿ" ಎಂದು ಮೊದಲ ಸಲ ನಕ್ಕಳು.

ಈಗ ಆ ಜೋಳದ ಡಬ್ಬಿಯ ಹಾಳೆ. ನಾಲ್ಕು ಸಲ ಓದಿದೆ. ಅಂಟುತ್ತದೆ ಎಂದು ನೀನು ಹೆದರಿದೆ, ಅದನ್ನು ಕ್ಷಮಿಸಬಹುದು. ಬೀಗರು ಏನನ್ನುತ್ತಾರೋ ಎಂದು ಹೆದರಿದೆ, ಅದೂ ಹೋಗಲಿ. ನಾನು ಹೇಸಿಕೊಂಡು ಮಗುವನ್ನು ಎಳೆದುಕೊಳ್ಳುತ್ತೇನೆ ಎಂದು ಬರೆದಿದ್ದೀಯಲ್ಲ, ಅದಕ್ಕೆ ಏನು ಮಾಡಲಿ? ಚಿಕ್ಕಂದಿನಲ್ಲಿ ನನಗೆ ಸಿಡುಬಿನಂಥದ್ದು ಎದ್ದು ಮೈತುಂಬ ಕೀವಾದಾಗ ಹನ್ನೊಂದು ದಿನ ನನ್ನನ್ನು ಎದೆಗೆ ಅವಚಿಕೊಂಡು ಮಲಗಿದವಳು ನೀನು. ಆಗ ನೀನು ಹೇಸಿದೆಯಾ? ಮಗಳಿಗೆ ಅಷ್ಟು ಮನಸ್ಸು ಇರುವುದಿಲ್ಲ ಎಂದುಕೊಂಡೆಯಾ? ಈ ಸಿಟ್ಟು ಬಾಣಂತನ ಮುಗಿಯುವವರೆಗೂ ಇರುತ್ತದೆ. ನೀನೇ ಹತ್ತಿರ ಇಟ್ಟುಕೊಂಡು ಇಳಿಸಬೇಕು.

ಅತ್ತೆಗೆ ಎಲ್ಲ ಹೇಳಿದ್ದೇನೆ. "ಅವ್ರು ಬರಲಿ. ಆದ್ರ ಕುಬಸದ ದಿನ ಹಣಿಗೆ ವಿಭೂತಿ ಹಚ್ಚಕೊಂಡ ಬರಲಿ. ನಮ್ಮ ಮಂದಿ ಬಾಯಿ ನಿನಗ ಗೊತ್ತಿಲ್ಲ" ಎಂದರು. ಅವರ ಮಾತು ನಿನಗೆ ಮುಟ್ಟಿಸಿದ್ದೇನೆ. ನನ್ನ ಮಾತು ಇದು: ದೇವರಿಗೆಂದು ಹಚ್ಚಿಕೋ, ಮುಚ್ಚಲೆಂದು ಹಚ್ಚಿಕೊಳ್ಳಬೇಡ. ಬಂಗಿನ ಮಗಳ ಪಕ್ಕದಲ್ಲಿ ಬಿಳಿ ಹಣೆಯ ತಾಯಿ ಕೂತರೆ ಫೋಟೊ ಚೆನ್ನಾಗಿ ಬರುತ್ತದೆ.

ಶ್ರಾವಣದ ಎರಡನೇ ಶುಕ್ರವಾರ. ಅಪ್ಪನ ಬಸ್ಸಿಗೇ ಬಾ. ಕರೆದುಕೊಂಡು ಹೋಗಲು ಬಾ.

ದಾನಿ


ತಾವರಗೇರಾ
27 ಅಕ್ಟೋಬರ್ 2024, ಭಾನುವಾರ

ಬೀಗತಿ ವಿರೂಪಾಕ್ಷಮ್ಮಕ್ಕನವರಿಗೆ,

ಕಳಕಮ್ಮನ ನಮಸ್ಕಾರ. ಮಗಳಿಗೆ ಹೆಣ್ಣು ಮಗುವಾದದ್ದನ್ನು ಸೋಮವಾರವೇ ಫೋನಿನಲ್ಲಿ ತಿಳಿಸಿದ್ದೆವು. ಸಕ್ಕರೆ ಮತ್ತು ಈ ಕಾಗದವನ್ನು ದಾನಿಯ ಅಪ್ಪನ ಕೈಯಲ್ಲಿ ಕಳಿಸುತ್ತಿದ್ದೇನೆ. ಬಾಣಂತಿ ಚೆನ್ನಾಗಿದ್ದಾಳೆ, ಊಟ ಸೇರುತ್ತದೆ, ನನ್ನ ಮೇಲಿನ ಸಿಟ್ಟು ಇನ್ನೂ ಸ್ವಲ್ಪ ಉಳಿದಿದೆ ಎನ್ನುತ್ತಾಳೆ. ಕೂಸು ಮೂರು ಕಿಲೋಗೆ ನೂರು ಗ್ರಾಂ ಕಡಿಮೆ. ನಿಮ್ಮ ಮನೆಯವರ ಹಾಗೆ ಗಟ್ಟಿ ಗಂಟಲು.

ಫೋನಿನಲ್ಲಿ ಹೇಳದ ಒಂದು ವಿಷಯವಿದೆ. ದೀಪಾವಳಿ ಮುಗಿದ ಮೇಲೆ ತೊಟ್ಟಿಲಿಗೆ ಹಾಕಲು ನೀವೆಲ್ಲ ಬಂದಾಗ ನೋಡಿಯೇ ನೋಡುತ್ತೀರಿ, ಅದಕ್ಕಿಂತ ಮುಂಚೆ ನಾನೇ ಹೇಳುವುದು ಸರಿ. ಮಗುವಿನ ಹಣೆಯ ನಡುವೆ ಒಂದು ಕೆಂಪು ಮಚ್ಚೆ ಇದೆ. ಅತ್ತಾಗ ಇನ್ನೂ ಕೆಂಪಾಗುತ್ತದೆ.

ಹೆರಿಗೆಯ ಮರುದಿನ ಓಣಿಯ ಹೆಂಗಸರು ಆಸ್ಪತ್ರೆಗೇ ನೋಡಲು ಬಂದರು. ಒಬ್ಬರು ನನ್ನ ಹಣೆ ನೋಡಿ, ಕೂಸಿನ ಹಣೆ ನೋಡಿ, "ಅಜ್ಜಿ ಗುರುತು ಮೊಮ್ಮಗಳಿಗೆ ಬಂತಲ್ಲವಾ" ಎಂದರು. ಇನ್ನೊಬ್ಬರು "ಕಾಡಿಗಿ ಬೊಟ್ಟು ದೊಡ್ಡದಿಡು, ದೃಷ್ಟಿನೂ ಆಗೂದಿಲ್ಲ, ಕಾಣೂದೂ ಇಲ್ಲ" ಎಂದು ಡಬ್ಬಿಯನ್ನೇ ತೆರೆದು ನನ್ನ ಮುಂದೆ ಹಿಡಿದರು. ಅಕ್ಕಾ, ನಿಮಗೆ ಸುಳ್ಳು ಹೇಳುವುದಿಲ್ಲ. ನನ್ನ ಬೆರಳು ಕಾಡಿಗೆಯಲ್ಲಿ ಅದ್ದಿಯೂ ಆಗಿತ್ತು. ದಾನಿ ಮಂಚದ ಮೇಲಿಂದ ನನ್ನನ್ನೇ ನೋಡುತ್ತಿದ್ದಳು.

ಕುಬಸದ ದಿನ ನಿಮ್ಮ ಮನೆಯಲ್ಲಿ ನಡೆದದ್ದು ನನ್ನ ಕಣ್ಣ ಮುಂದೆ ಬಂತು. ನೀವು ವಿಭೂತಿಯ ಬಟ್ಟಲು ತಂದು "ಒಂದೀಟು ಹಚ್ಚಕೋರಿ, ಮಂದಿ ಕೇಳತಾರ" ಎಂದು ಮೆಲ್ಲಗೆ ಹೇಳಿದಿರಿ. ನಾನು ಬೇಡವೆಂದೆ. ನಿಮ್ಮ ಮುಖ ಸಣ್ಣದಾಯಿತು. ಆದರೆ ಯಾರೋ ಕೇಳಿಯೇ ಕೇಳಿದಾಗ ಉತ್ತರ ಕೊಟ್ಟವರು ನೀವು: "ಟಿಕಳಿ ಅಂಟಿನಿಂದ ಆಗೇತಿ. ನಿಮ್ಮ ನಿಮ್ಮ ಹಣಿನೂ ಒಮ್ಮೆ ನೋಡಕೋರಿ." ಅರ್ಧ ಹೆಂಗಸರು ಆರತಿ ಬಿಟ್ಟು ನಿಮ್ಮ ಕನ್ನಡಿಯ ಮುಂದೆ ಟಿಕಳಿ ಕಿತ್ತು ನಿಂತಿದ್ದನ್ನು ನೆನೆದು ದಾನಿ ಈಗಲೂ ನಗುತ್ತಾಳೆ. ಅವತ್ತು ನಿಮಗೆ ಹೇಳಲಾಗಲಿಲ್ಲ. ನಿಮ್ಮ ಉಪಕಾರ ದೊಡ್ಡದು.

ಬೆರಳಿನ ಕಾಡಿಗೆಯನ್ನು ನನ್ನ ಸೆರಗಿಗೇ ಒರೆಸಿಕೊಂಡೆ. ಡಬ್ಬಿ ಮುಚ್ಚಿದೆ. ಅದು ಏನು ಮಚ್ಚೆ ಎಂದು ಆಗ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೇ ಡಬ್ಬಿ ಮುಚ್ಚಿದೆ. ಮಧ್ಯಾಹ್ನ ಮಕ್ಕಳ ಡಾಕ್ಟರು ಬಂದು ಮಚ್ಚೆಯ ಮೇಲೆ ಬೆರಳು ಒತ್ತಿ ತೋರಿಸಿದರು. ಒತ್ತಿದಾಗ ಕೆಂಪು ಮಾಯವಾಯಿತು, ಬಿಟ್ಟಾಗ ಮತ್ತೆ ತುಂಬಿತು. ಚರ್ಮದ ಕೆಳಗೆ ರಕ್ತದ ಸಣ್ಣ ನಾಳಗಳು ಅಗಲವಾಗಿರುತ್ತವಂತೆ, ಎಷ್ಟೋ ಕೂಸುಗಳಿಗೆ ಇರುತ್ತದಂತೆ, ವರ್ಷ ಎರಡು ವರ್ಷದಲ್ಲಿ ಮಾಸುತ್ತದಂತೆ. ನನ್ನದಕ್ಕೂ ಅದಕ್ಕೂ ಏನೂ ಸಂಬಂಧವಿಲ್ಲ ಎಂದು ನಾನು ಕೇಳದೆಯೇ ಹೇಳಿದರು. ನನ್ನ ಬಿಳಿಯ ನಡುವೆ ಈಗ ಸಾಸಿವೆಯಷ್ಟು ಎರಡು ಕಂದು ಚುಕ್ಕೆ ಬಂದಿವೆ, ಅಷ್ಟೇ.

ನೀವು ಬಂದಾಗ ನಿಮ್ಮ ಕಡೆಯ ಯಾರಾದರೂ ಇದು ಅಜ್ಜಿಯಿಂದ ಬಂತು ಎಂದರೆ, ಅಲ್ಲ ಎಂದು ಡಾಕ್ಟರ ಮಾತು ಹೇಳಿರಿ. ಹೇಳದಿದ್ದರೂ ನಡೆಯುತ್ತದೆ. ಕೊಪ್ಪಳದ ಡಾಕ್ಟರಮ್ಮ, ತೊನ್ನು ಆಗಿದ್ದರೆ ಮಗಳನ್ನು ಕರೆಯುತ್ತಿರಲಿಲ್ಲವೇ ಎಂದು ಕೇಳಿದ್ದರು. ಆಗ ಬಾಯಿ ಬರಲಿಲ್ಲ, ಈಗ ಹೇಳುತ್ತೇನೆ. ಕರೆಯುತ್ತಿದ್ದೆ. ಈ ಕೂಸಿನದು ನನ್ನಿಂದಲೇ ಬಂದಿದ್ದರೂ, ಜನ್ಮವಿಡೀ ಹೋಗದಿದ್ದರೂ, ಇದರ ಹಣೆ ಮುಚ್ಚಲು ನಾನು ಯಾರಿಗೂ ಬಿಡುವುದಿಲ್ಲ.

ಅಕ್ಷರ ಸೊಟ್ಟಗಾಗಿವೆ, ತಪ್ಪು ತಿಳಿಯಬೇಡಿ. ಒಂದು ಕೈಯಲ್ಲಿ ಬರೆಯುತ್ತಿದ್ದೇನೆ. ಇನ್ನೊಂದರ ಮೇಲೆ ಕೂಸು ಮಲಗಿದೆ, ಕೆಳಗೆ ಹಾಕಲು ಮನಸ್ಸಿಲ್ಲ.

ನಿಮ್ಮ
ಕಳಕಮ್ಮ